ಎದುರುಕೋಲಿನ ಬಿಸಿಲು

ನಮ್ಮ ಕೋಲಾರ ಸೀಮೆಯವರಿಗೆ ಬಿಸಿಲಿನ ವಿಷಯದಲ್ಲಿ ಒಂದು ವಿಚಿತ್ರವಾದ ಜಂಬವಿದೆ. ಯಾರಾದರೂ ಸೆಖೆ ಎಂದು ಬಾಯಿಬಿಟ್ಟರೆ ಸಾಕು, "ಇದೂ ಒಂದು ಬಿಸಿಲಾ? ಬಳ್ಳಾರಿ ನೋಡಿದ್ದೀರಾ? ರಾಯಚೂರು ನೋಡಿದ್ದೀರಾ?" ಎಂದು ಬಾಯಿ ಮುಚ್ಚಿಸುತ್ತಾರೆ. ಹೇಳುವವರು ರಾಯಚೂರನ್ನು ರೈಲಿನ ಕಿಟಕಿಯಿಂದಲೂ ನೋಡಿದವರಲ್ಲ. ನಮ್ಮ ಲೆಕ್ಕದಲ್ಲಿ ಬಿಸಿಲು ಎಂಬುದು ಬೇರೆ ಜಿಲ್ಲೆಯವರಿಗೆ ಬರುವ ತೊಂದರೆ. ನಮಗೆ ಬರುವುದು ಬರೀ "ಈ ಸಲ ಸ್ವಲ್ಪ ಜಾಸ್ತಿ". ಈ ಸ್ವಲ್ಪ ಜಾಸ್ತಿ ಈಚಿನ ವರ್ಷಗಳಲ್ಲಿ ಶಿವರಾತ್ರಿಗೆ ಮುಂಚೆಯೇ ಬಂದು ಕೂತುಕೊಳ್ಳುತ್ತದೆ, ಏಳುವ ಲಕ್ಷಣವೇ ತೋರಿಸುವುದಿಲ್ಲ. ಆದರೂ ಛತ್ರಿ ಹಿಡಿದು ಹೋಗುವ ಗಂಡಸನ್ನು ಕಂಡರೆ ನಮ್ಮ ಬೀದಿಯಲ್ಲಿ ಈಗಲೂ, "ಏನ್ಲಾ, ಮಳೆ ಬಂತಾ?" ಎಂದು ಕೇಳಿ ನಗುತ್ತಾರೆ.

ನಮ್ಮ ಯಜಮಾನರು ಈ ಜಂಬದಲ್ಲಿ ಯಾರಿಗೂ ಕಡಿಮೆಯಿಲ್ಲ. ಅವರದು ಮುಳಬಾಗಿಲಿನ ಲೆಕ್ಕಪತ್ರದ ಮನೆತನ. ಮಾಲೂರಿನ ಒಂದು ಕಾರ್ಖಾನೆಯಲ್ಲಿ ಅಕೌಂಟೆಂಟಾಗಿದ್ದು ನಿವೃತ್ತರಾದವರು. ನಾನು ಅದೇ ಮಾಲೂರಿನಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ನೇತಾಡಿಕೊಂಡು ಹೋಗಿ ಬ್ಯಾಂಕಿನ ಕೆಲಸ ಮಾಡಿ ನಿವೃತ್ತಳಾದವಳು. ನನ್ನ ನಿವೃತ್ತಿ ಎಂದರೆ ನಿವೃತ್ತಿ. ಅವರಿಗೆ ಮಾತ್ರ ಅದಾದ ಮೇಲೆ ಇನ್ನೂ ದೊಡ್ಡ ಹುದ್ದೆ ಸಿಕ್ಕಿತು. ಅವರ ಚಿಕ್ಕಪ್ಪ ತೀರಿಹೋದ ಮೇಲೆ ವಂಶದ ಗಂಡಸರಲ್ಲಿ ಇವರೇ ಹಿರಿಯರು. ಮದುವೆಗೆ ಮುಂದೆ ನಿಲ್ಲುವವರು ಇವರು, ಮುನಿಸಿಗೆ ಮೊದಲು ಎದ್ದು ಹೋಗುವವರೂ ಇವರು.

ಹಿರಿತನದ ಇನ್ನೊಂದು ಕರ್ತವ್ಯ ಎಂದರೆ ಕುಟುಂಬದ ವಾಟ್ಸಾಪ್ ಗುಂಪಿಗೆ ಬೆಳಗಾಗೆದ್ದು ಬುದ್ಧಿವಾದ ಕಳಿಸುವುದು. ಆ ಬೇಸಿಗೆಯಲ್ಲಿ ಯಜಮಾನರು ಬಿಸಿಲಿನ ಎಚ್ಚರಿಕೆಗಳನ್ನು ಹಿಡಿದುಕೊಂಡಿದ್ದರು. ಮಧ್ಯಾಹ್ನ ಹೊರಗೆ ತಿರುಗಬೇಡಿ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ. ತೆಳುವಾದ ಹತ್ತಿ ಬಟ್ಟೆ ಹಾಕಿಕೊಳ್ಳಿ. ವಯಸ್ಸಾದವರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಜೋಪಾನ. ಬಿಸಿಲಲ್ಲಿದ್ದವರು ಇದ್ದಕ್ಕಿದ್ದಂತೆ ತಡಬಡ ಮಾತಾಡಿದರೆ, ಮೈ ಕಾದು ಬೆವರು ನಿಂತರೆ ತಕ್ಷಣ ನೀರು ಸುರಿದು ಗಾಳಿ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೊನೆಗೆ ಕೈಮುಗಿಯುವ ಚಿತ್ರ, ತಪ್ಪದೆ ಎಲ್ಲರಿಗೂ ಕಳಿಸಿ ಎಂಬ ಅಪ್ಪಣೆ. ಗುಂಪಿನವರೆಲ್ಲ ಹೆಬ್ಬೆರಳು ಎತ್ತುವ ಚಿತ್ರ ಹಾಕಿ ಸುಮ್ಮನಾಗುತ್ತಿದ್ದರು.

"ನೀವು ಓದಿದ್ರಾ ಇದನ್ನ?" ಎಂದು ನಾನು ಒಂದು ದಿನ ಕೇಳಿದೆ.

"ಓದೋದೇನಿದೆ? ಗೊತ್ತಿರೋದೇ ಎಲ್ಲಾ" ಎಂದರು.

ನಾನು ಓದಿದ್ದೆ. ರೈಲಿನಲ್ಲಿ ಅಷ್ಟು ವರ್ಷ ಓಡಾಡಿದವಳಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಅಂಟಿಕೊಂಡಿರುತ್ತದೆ, ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡುವುದಿಲ್ಲ.

ಅದೇ ಮೇ ತಿಂಗಳಲ್ಲಿ ನನ್ನ ಮೈದುನನ ಮಗನ ಮದುವೆ ಗೊತ್ತಾಯಿತು. ಹುಡುಗಿಯ ಕಡೆಯವರು ನಂಗಲಿಯವರು, ಆಂಧ್ರದ ಗಡಿಯ ಹೆದ್ದಾರಿಯ ಮೇಲೆ ಅವರ ಮನೆ. ಛತ್ರವೂ ಅಲ್ಲೇ. ಮೇ ತಿಂಗಳೇ ಯಾಕೆ ಎಂದು ನಾನು ಕೇಳಿದ್ದಕ್ಕೆ ಮಕ್ಕಳಿಗೆ ರಜ, ಶ್ರೀನಿವಾಸಪುರದಲ್ಲಿ ಮಾವಿನಹಣ್ಣು ಅಗ್ಗ, ಸೀಕರಣೆಗೆ ಚಿಂತೆಯಿಲ್ಲ ಎಂಬ ಉತ್ತರ ಬಂತು. ಸೀಕರಣೆ ತಿನ್ನುವವರು ಬದುಕಿರಬೇಕಲ್ಲ ಎಂದು ನಾನು ಅಂದದ್ದು ಅಪಶಕುನ ಎಂದಾಯಿತು.

ನಮ್ಮ ಕಡೆ ಮದುವೆಯಲ್ಲಿ ಎದುರುಕೋಲು ಎಂಬ ಶಾಸ್ತ್ರವಿದೆ. ಕನ್ನಡದಲ್ಲಿ ಎದುರುಗೊಳ್ಳುವುದು ಎನ್ನುತ್ತಾರೆ, ಗಡಿಯಲ್ಲಿರುವ ನಮ್ಮ ನಾಲಿಗೆಗೆ ತೆಲುಗಿನ ಮಾತೇ ಒಗ್ಗಿದೆ. ಗಂಡಿನ ಕಡೆಯವರು ಬಂದು ಛತ್ರದ ಹೊರಗೇ ನಿಲ್ಲಬೇಕು. ಹೆಣ್ಣಿನ ಕಡೆಯವರು ವಾಲಗದ ಸಮೇತ ಎದುರು ಬಂದು, ಹಿರಿಯರ ಕಾಲು ತೊಳೆದು, ಬೆಲ್ಲದ ಪಾನಕ ಕುಡಿಸಿ ಒಳಕ್ಕೆ ಕರೆದುಕೊಳ್ಳಬೇಕು. ಹಿಂದಿನ ಕಾಲದಲ್ಲಿ ಗಾಡಿ ಕಟ್ಟಿಕೊಂಡು ಧೂಳು ತಿಂದು ಬರುತ್ತಿದ್ದರು. ಬಿಸಿಲಲ್ಲಿ ಬಂದವರ ಕಾಲಿಗೆ ಮೊದಲು ನೀರು ಬೀಳಲಿ, ಹೊಟ್ಟೆಗೆ ತಂಪು ಇಳಿಯಲಿ ಎಂದು ಯಾರೋ ಬುದ್ಧಿ ಇದ್ದವರು ಮಾಡಿದ ಏರ್ಪಾಡು ಇದು. ಅದನ್ನೇ ನಾವು ಬಿಸಿಲಲ್ಲಿ ನಿಲ್ಲಿಸುವ ಶಾಸ್ತ್ರ ಮಾಡಿಕೊಂಡಿದ್ದೇವೆ.

ಹೊರಡುವ ದಿನ ಗುರುವಾರ. ಗುರುವಾರ ಒಂದೂವರೆಗೆ ರಾಹುಕಾಲ ಹಿಡಿದು ಮೂರಕ್ಕೆ ಬಿಡುತ್ತದೆ. ಮೂರಾದ ಮೇಲೆ ಆರಾಮಾಗಿ ತಲುಪೋಣ ಎಂದರೆ ಯಜಮಾನರು ಒಪ್ಪಲಿಲ್ಲ. ಹಿಡಿಯುವುದಕ್ಕೆ ಮುಂಚೆ ಛತ್ರದ ಹೊಸ್ತಿಲು ದಾಟಿರಬೇಕು, ಸಂಜೆಯ ವರಪೂಜೆಗೆ ಹೊತ್ತಾಗಬಾರದು ಎಂದು ತೀರ್ಮಾನ ಮಾಡಿದರು. ಅಂದರೆ ನೆತ್ತಿ ಸುಡುವ ಹೊತ್ತನ್ನು ಹುಡುಕಿ ಹುಡುಕಿ ಆರಿಸಿಕೊಂಡದ್ದಾಯಿತು.

ಬೆಳಿಗ್ಗೆ ಅವರ ಅಲಂಕಾರ ನೋಡಿ ನನಗೆ ಸಿಟ್ಟು ಬಂತು. ಜರಿ ಪಂಚೆ, ರೇಷ್ಮೆ ಜುಬ್ಬ, ಅದರ ಮೇಲೆ ದಪ್ಪ ಶಾಲು, ತಲೆಗೆ ಮೈಸೂರು ಪೇಟ. "ಛತ್ರಕ್ಕೆ ಹೋಗಿ ಹಾಕ್ಕೊಳ್ಳಿ, ಈಗ ಒಂದು ಕಾಟನ್ ಷರಟು ಸಾಕು" ಎಂದೆ.

"ಎದುರುಕೋಲಿಗೆ ಹಾಕ್ಕೊಳ್ದೆ ಇನ್ಯಾವಾಗ ಹಾಕ್ಕೊಳ್ಲಿ? ಮಲಗೋವಾಗ್ಲಾ?" ಎಂದರು.

ಬಿಪಿಗೆಂದು ಅವರಿಗೆ ಡಾಕ್ಟರು ಕೊಟ್ಟಿರುವುದು ಮೈಯ ನೀರು ಇಳಿಸುವ ಮಾತ್ರೆ. ಅದನ್ನು ನಿಷ್ಠೆಯಿಂದ ನುಂಗಿದರು. ಆಮೇಲೆ, ಬಸ್ಸಿನಲ್ಲಿ ನೀರು ಕುಡಿದರೆ ದಾರಿಯಲ್ಲಿ ನಿಲ್ಲಿಸಬೇಕಾಗುತ್ತದೆ, ಹಿರಿಯರೇ ಬಸ್ಸು ನಿಲ್ಲಿಸಿ ಬೇಲಿ ಹುಡುಕಿದರೆ ಚೆನ್ನಾಗಿರುವುದಿಲ್ಲ ಎಂದು ನೀರು ಮುಟ್ಟಲಿಲ್ಲ. ಹೆಂಗಸರು ಯಾರೂ ಕುಡಿಯಲಿಲ್ಲ, ಅದು ಯಾವತ್ತಿನದು. ನಮ್ಮ ನಾಡಿನ ಹೆಂಗಸರು ಮದುವೆಗೆ ಹೋಗುವುದೆಂದರೆ ನಿರ್ಜಲ ಏಕಾದಶಿ ಮಾಡಿದ ಹಾಗೆಯೇ.

ನಾನು ದೊಡ್ಡ ಕ್ಯಾನಿನ ತುಂಬ ನೀರುಮಜ್ಜಿಗೆ ಮಾಡಿ, ಉಪ್ಪು, ಕರಿಬೇವು ಹಾಕಿ ತಂದಿದ್ದೆ. ಬಸ್ಸಿಗೆ ಹತ್ತುವಾಗ ನನ್ನ ಮೈದುನ ಅದನ್ನು ಕಂಡು ಹೌಹಾರಿದ. ಮದುಮಗನ ಅಪ್ಪ, ಬೆಳಗಿನಿಂದಲೇ ಎಲ್ಲರ ಮೇಲೂ ರೇಗುತ್ತಿದ್ದವನು.

"ಅತ್ತಿಗೆ, ಮಜ್ಜಿಗೆ ಹೊತ್ಕೊಂಡು ಬೀಗರ ಮನೆಗೆ ಹೋಗೋದಾ? ಕುಡಿಯೋಕೆ ಕೊಡೋಕೂ ಗತಿಯಿಲ್ದೋರು ಅಂತ ನಾವು ಅವರನ್ನ ಅಂದಂಗಾಗಲ್ವಾ?"

"ನಿಮ್ಮಣ್ಣನ ಹೊಟ್ಟೆಗೆ ಬೀಳ್ಲಿ ಅಂತ ತಂದಿದ್ದು ಕಣಪ್ಪ, ಬೀಗರನ್ನ ಅನ್ನೋಕಲ್ಲ" ಎಂದೆ. ಕೇಳಲಿಲ್ಲ. ಕ್ಯಾನು ಬಸ್ಸಿನ ಡಿಕ್ಕಿಯಲ್ಲಿ ಟ್ರಂಕು, ಹಾಸಿಗೆಗಳ ಹಿಂದೆ ಹೋಗಿ ಸೇರಿತು.

ಕೋಲಾರ ದಾಟಿ, ಮುಳಬಾಗಿಲು ದಾಟಿ, ನಂಗಲಿ ತಲುಪುವಾಗ ರಾಹುಕಾಲಕ್ಕೆ ಇನ್ನೂ ಹೊತ್ತಿತ್ತು. ಯಜಮಾನರು ಗೆದ್ದವರ ಹಾಗೆ ಇಳಿದರು. ಇಳಿದವರಿಗೆ ನಿಲ್ಲಲು ನೆರಳಿರಲಿಲ್ಲ. ಛತ್ರದ ಮುಂದೆ ಒಂದು ಕಾಲದಲ್ಲಿ ಸಾಲು ಹುಣಿಸೆ ಮರಗಳಿದ್ದವು. ಹೆದ್ದಾರಿ ಅಗಲ ಮಾಡುವಾಗ ಅವೆಲ್ಲ ಹೋದವು, ಬದಲಿಗೆ ಹೂವಿನಿಂದ ಮಾಡಿದ ಒಂದು ಕಮಾನು ಇತ್ತು. ಅದರ ನೆರಳು ಒಂದು ಬೆಕ್ಕಿಗೆ ಸಾಕು. ಡಾಂಬರಿನಿಂದ ಏಳುತ್ತಿದ್ದ ಝಳ ಪಾದದಿಂದ ಹತ್ತುತ್ತಿತ್ತು. ಹಾದುಹೋಗುವ ಲಾರಿಗಳು ಒಂದೊಂದೂ ಬಿಸಿಗಾಳಿಯನ್ನು ಮುಖಕ್ಕೆ ಎರಚಿ ಹೋಗುತ್ತಿದ್ದವು. ಡ್ರೈವರು ನಮ್ಮನ್ನು ಇಳಿಸಿದ್ದೇ ತಡ ಬಸ್ಸು ತೆಗೆದುಕೊಂಡು ಯಾವುದೋ ಢಾಬಾ ಹುಡುಕಿಕೊಂಡು ಹೋದ. ಅವನ ಜೊತೆ ನನ್ನ ಮಜ್ಜಿಗೆಯೂ ಹೋಯಿತು.

ಛತ್ರದ ಬಾಗಿಲಲ್ಲಿ ಹೆಣ್ಣಿನ ಕಡೆಯವರು ಸಾಲಾಗಿ ನಿಂತಿದ್ದರು. ತಟ್ಟೆಗಳಲ್ಲಿ ಹೂವು, ಹಣ್ಣು. ಇಬ್ಬರು ಹೆಂಗಸರ ನಡುವೆ ತಾಮ್ರದ ಕೊಳಗ, ಅದರ ಬಾಯಿಗೆ ಒದ್ದೆ ಬಿಳಿ ಬಟ್ಟೆ. ಪಾನಕ ಅಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಏಲಕ್ಕಿಯ ವಾಸನೆ ಕೂಡ ನಮ್ಮವರೆಗೆ ಬರುತ್ತಿತ್ತು. ಆದರೆ ವಾಲಗದವರು ಬಂದಿರಲಿಲ್ಲ.

ಹುಡುಗಿಯ ಅಪ್ಪ, ಅಂದರೆ ನಮ್ಮ ಬೀಗರು, ಓಡಿ ಬಂದು ಕೈಮುಗಿದರು. "ಒಂದೈದು ನಿಮಿಷ ಸಾರ್. ವಚ್ಚೇಸ್ತಾರಂಡಿ, ದಾರೀಲಿದ್ದಾರೆ. ಬೆಳಿಗ್ಗೆ ಯಲ್ದೂರಲ್ಲಿ ಒಂದು ಮದುವೆ ಒಪ್ಕೊಂಡಿದ್ರು, ಅಲ್ಲಿಂದ ಬರ್ತಾ ಇದ್ದಾರೆ."

"ಒಂದೂವರೆಗೆ ರಾಹುಕಾಲ" ಎಂದರು ಯಜಮಾನರು, ಅದನ್ನು ತಾವೇ ಹುಟ್ಟಿಸಿದ ಹಾಗೆ.

ನಿಂತೆವು. ಆ ಕಡೆಯವರು ಬಾಗಿಲಲ್ಲಿ, ಈ ಕಡೆಯವರು ರಸ್ತೆಯಲ್ಲಿ, ನಡುವೆ ಹತ್ತಾರು ಹೆಜ್ಜೆಯ ಸಿಮೆಂಟು ಅಂಗಳ. ವಾಲಗ ಇಲ್ಲದೆ ಅವರು ಎದುರು ಬರುವಂತಿಲ್ಲ, ಎದುರು ಬಾರದೆ ನಾವು ಒಳಗೆ ಹೋಗುವಂತಿಲ್ಲ. ಬೀಗರು ಫೋನು ಕಿವಿಗಿಟ್ಟುಕೊಂಡು ಹೋಗಿ ಬಂದು ಮಾಡುತ್ತಿದ್ದರು, ಆ ಕಡೆ ಯಾರೂ ಎತ್ತುತ್ತಿರಲಿಲ್ಲ. ನಮ್ಮವರು ವಾಲಗದವರ ಜಾತಕ ಬಿಚ್ಚಿದರು. ಅಡ್ವಾನ್ಸ್ ತಗೊಂಡ ಮೇಲೆ ಇವರಿಗೆ ಮೈ ಬಗ್ಗುವುದಿಲ್ಲ, ಎಲ್ಲೋ ಊಟಕ್ಕೆ ಕೂತಿರುತ್ತಾರೆ, ಇಲ್ಲದಿದ್ದರೆ ಕುಡಿದು ಮಲಗಿರುತ್ತಾರೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಎಲ್ಲರಿಗಿಂತ ಜೋರಾಗಿ ಹೇಳಿದವರು ನಮ್ಮ ಯಜಮಾನರು.

ಒಂದೂವರೆ ಆಯಿತು, ವಾಲಗ ಬರಲಿಲ್ಲ. ಈಗ ಬೀಗರಿಗೆ ನಿಜವಾಗಿ ಗಾಬರಿ. "ಸಾರ್, ಒಳಗಡೆ ಫ್ಯಾನ್ ಕೆಳಗೆ ಕೂತ್ಕೊಳ್ಳಿ. ಶಾಸ್ತ್ರ ಮೂರು ಗಂಟೆ ಮೇಲೆ ಮಾಡೋಣ. ನಿಮ್ಮ ಕಾಲಿಗೆ ಬೀಳ್ತೀನಿ" ಎಂದರು.

ಯಜಮಾನರು ತಲೆ ಅಲ್ಲಾಡಿಸಿದರು. "ರಾಹುಕಾಲದಲ್ಲಿ ಹೊಸ್ತಿಲು ದಾಟಿ ಒಳಗೆ ಬರೋದಾ? ಅದೂ ವಾಲಗ ಇಲ್ದೆ? ಹೆಣ ಎತ್ತೋಕೆ ಬಂದೋರ ಥರ?"

"ಮೂರು ಗಂಟೆವರೆಗೂ ಇಲ್ಲೇ ನಿಂತಿರ್ತೀರಾ?" ಎಂದು ನಾನು ಕೇಳಿದೆ.

"ನಿಲ್ತೀನಿ" ಎಂದರು.

ಮೈದುನ ಅಣ್ಣನ ಪಕ್ಕ ನಿಂತ. ಅವನ ಹಿಂದೆ ಇನ್ನಷ್ಟು ಗಂಡಸರು ನಿಂತರು. ಇದರಲ್ಲಿ ಬುದ್ಧಿಯಿಂದ ನಡೆದುಕೊಂಡವನು ಮದುಮಗ ಒಬ್ಬನೇ. ಪಕ್ಕದಲ್ಲೊಂದು ಎಟಿಎಂ ಇತ್ತು. ಪೇಟ, ಹೂವಿನ ಹಾರದ ಸಮೇತ ಅದರೊಳಗೆ ನುಗ್ಗಿ ಏಸಿಯ ಕೆಳಗೆ ನಿಂತವನು ಯಾರು ಬಾಗಿಲು ತಟ್ಟಿದರೂ ಆಚೆ ಬರಲಿಲ್ಲ. ದುಡ್ಡು ತೆಗೆಯಲು ಬಂದ ಒಬ್ಬ ಲಾರಿ ಡ್ರೈವರು ಅವನನ್ನು ಕಂಡು ಕೈಕುಲುಕಿ ಹೋದನಂತೆ.

ನಾನು ಅಂಗಡಿಗೆ ಹೋಗಿ ನೀರಿನ ಬಾಟಲಿ ತಂದು ಯಜಮಾನರ ಕೈಗೆ ಕೊಟ್ಟೆ. ಅವರು ಸುತ್ತ ನೋಡಿ ಹಲ್ಲು ಕಚ್ಚಿದರು. "ಬೀಗರ ಬಾಗಿಲಲ್ಲಿ ದುಡ್ಡು ಕೊಟ್ಟು ನೀರು ಕುಡಿದ್ರು ಅನ್ನಿಸ್ಕೋಬೇಕಾ? ಒಳಗಿಡು ಅದನ್ನ." ಬೀಗರು ಒಂದು ತಂಬಿಗೆ ನೀರು ಕಳಿಸಲು ಹೊರಟರೆ ಅವರ ಕಡೆಯ ಒಬ್ಬ ಮುದುಕರು ತಡೆದರು. ಗಂಡಿನ ಕಡೆಯವರ ಬಾಯಿಗೆ ಮೊದಲು ಬೀಳಬೇಕಾದ್ದು ಪಾನಕ, ಅದಕ್ಕೆ ಮುಂಚೆ ನೀರು ಕೊಟ್ಟರೆ ಶಾಸ್ತ್ರ ಕೆಟ್ಟಿತು ಎಂದರು. ಹೀಗೆ ಎರಡೂ ಕಡೆಯ ಹಿರಿಯರು ಸೇರಿ, ಒಬ್ಬರ ಮರ್ಯಾದೆ ಒಬ್ಬರು ಕಾಪಾಡಿಕೊಂಡು, ಒಂದು ಗುಟುಕು ನೀರನ್ನು ಗೆದ್ದುಬಿಟ್ಟರು. ನಾನು ಆ ಬಾಟಲಿಯನ್ನು ರಸ್ತೆಯಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಗಟಗಟ ಕುಡಿದೆ.

ಆಮೇಲೆ ಯಜಮಾನರ ಕಡೆ ತಿರುಗಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಮೊದಲು ನನಗೆ ತಿಳಿದದ್ದು ಅವರು ಬೈಯುವುದನ್ನು ನಿಲ್ಲಿಸಿದ್ದಾರೆ ಎಂಬುದು. ಮದುವೆಯಾದಾಗಿನಿಂದ ಅವರು ಬೈಗುಳವನ್ನು ಅರ್ಧಕ್ಕೆ ಬಿಟ್ಟಿದ್ದು ನಾನು ನೋಡಿರಲಿಲ್ಲ. ಮುಖ ಕೆಂಪಗಾಗಿತ್ತು. ಅಷ್ಟು ಹೊತ್ತು ಪೇಟದ ಕೆಳಗಿನಿಂದ ಇಳಿಯುತ್ತಿದ್ದ ಬೆವರು ಈಗ ಇರಲಿಲ್ಲ. ಕೈ ಮುಟ್ಟಿದೆ, ಒಲೆಯ ಮೇಲಿನ ಹೆಂಚು ಮುಟ್ಟಿದ ಹಾಗಾಯಿತು.

"ಏನ್ರೀ? ಏನಾಗ್ತಿದೆ?" ಎಂದೆ.

ನನ್ನನ್ನು ನೋಡಿದರು, ಗುರುತು ಹತ್ತಲಿಲ್ಲ. "ಬ್ಯಾಲೆನ್ಸ್ ಆಗ್ಲಿಲ್ಲ" ಎಂದರು. "ಗೋಡೌನ್ ಗೇಟು ಹಾಕ್ಬೇಡಿ... ಅಮ್ಮ ಬರ್ತಾಳೆ." ಅವರ ಅಮ್ಮ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮೈ ಆ ಕಡೆ ಈ ಕಡೆ ತೂಗಲು ಶುರುವಾಯಿತು.

ಆಗ ನನ್ನ ದೊಡ್ಡ ನಾದಿನಿ, ಅವರ ಅಕ್ಕ, ಎರಡೂ ಕೈ ಎತ್ತಿ ಕೂಗಿದರು. "ದೇವರು ಬಂದಿದೆ ಕಣೇ! ಮೈಮೇಲೆ ಮನೆದೇವರು ಬಂದಿದೆ!"

ನಮ್ಮ ವಂಶದಲ್ಲಿ ಹಿಂದೆ ಯಾರ ಮೇಲೋ ದೇವರು ಬರುತ್ತಿತ್ತಂತೆ. ಬಹಳ ದಿನದಿಂದ ಖಾಲಿ ಇದ್ದ ಆ ಜಾಗ ಈಗ ತುಂಬಿತು ಎಂದು ಎಲ್ಲರಿಗೂ ಅನ್ನಿಸಿರಬೇಕು. ಕ್ಷಣದಲ್ಲಿ ಹೆಂಗಸರು ಸುತ್ತುಗಟ್ಟಿದರು, ಬರುತ್ತಿದ್ದ ಅಷ್ಟಿಷ್ಟು ಗಾಳಿಯೂ ನಿಂತಿತು. ಮೈದುನ ಚಪ್ಪಲಿ ಬಿಟ್ಟು ಕಾದ ಡಾಂಬರಿನ ಮೇಲೆ ಕುಣಿಯುತ್ತಲೇ ಕೈಮುಗಿದ. "ಏನು ತಪ್ಪಾಯ್ತು ಸ್ವಾಮಿ? ಯಾಕೆ ಕೋಪ?"

"ಬ್ಯಾಲೆನ್ಸ್ ಆಗ್ಲಿಲ್ಲ" ಎಂದಿತು ದೇವರು.

"ಯಾವುದೋ ಹರಕೆ ಬಾಕಿ ಇದೆಯಂತೆ!" ಎಂದು ನಾದಿನಿ ಅಳತೊಡಗಿದರು. ಅಷ್ಟರಲ್ಲಿ ಯಾರೋ ತಟ್ಟೆಯಲ್ಲಿ ಗಡ್ಡೆ ಕರ್ಪೂರ ಹಚ್ಚಿ ತಂದರು. ಬೆಂಕಿಯಾಗಿ ಕಾದಿರುವ ಮನುಷ್ಯನ ಮುಖಕ್ಕೆ ಇನ್ನಷ್ಟು ಬೆಂಕಿ ಹಿಡಿದು ಬೆಳಗಿದರು.

ಹೆಣ್ಣಿನ ಕಡೆಯ ಒಬ್ಬ ಹೆಂಗಸು ಮಾತ್ರ ದೂರದಿಂದ, "ಅಯ್ಯೋ, ಅದು ವಡದೆಬ್ಬ ಕಣಮ್ಮಾ" ಎಂದಳು. ಬಿಸಿಲಿನ ಹೊಡೆತಕ್ಕೆ ನಮ್ಮ ಗಡಿಯಲ್ಲಿ ಹೇಳುವ ಮಾತು ಅದು. ನಾದಿನಿ ಅಳು ನಿಲ್ಲಿಸಿ ಆಕೆಯ ಕಡೆ ಕೆಂಗಣ್ಣು ಬಿಟ್ಟರು. "ವಡದೆಬ್ಬ ಹೊಡೆಯೋದು ಕೂಲಿಯೋರಿಗೆ. ನಮ್ಮಂಥೋರ ಮನೇಲಿ ದೇವರೇ ಬರೋದು."

ನನಗೆ ರೇಗಿದ್ದು ರೇಗಿದ್ದೇ. ಆರತಿ ತಟ್ಟೆಯನ್ನು ಕೈಯಿಂದ ಹೊಡೆದೆ, ಅದು ರಸ್ತೆಯ ಆ ಬದಿಗೆ ಹೋಗಿ ಬಿತ್ತು. "ದೇವರೂ ಇಲ್ಲ, ದಿಂಡರೂ ಇಲ್ಲ! ಮನುಷ್ಯ ಸಾಯ್ತಾ ಇದ್ದಾನೆ! ಜರುಗ್ರೀ!" ಎಂದು ಕಿರುಚಿದೆ. ಶಾಲು ಕಿತ್ತೆಸೆದೆ, ಪೇಟ ಕಿತ್ತೆಸೆದೆ. ಪೇಟ ನೆಲಕ್ಕೆ ಬಿದ್ದದ್ದು ಕಂಡು ಒಬ್ಬರಿಬ್ಬರು ಕೆನ್ನೆ ಬಡಿದುಕೊಂಡರು. ಯಜಮಾನರು ಬದುಕಬೇಕು ಎಂಬುದೊಂದು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಅವರೇ ಕಳಿಸಿದ್ದ ಆ ಸಂದೇಶ ಮಾತ್ರ ನೆನಪಿನಲ್ಲಿತ್ತು. ನೀರು ಸುರಿಯಬೇಕು, ಗಾಳಿ ಹಾಕಬೇಕು, ತಡ ಮಾಡಬಾರದು.

ಛತ್ರದ ಮಗ್ಗುಲಲ್ಲೇ ಲಾರಿ ತೊಳೆಯುವ ಜಾಗ. ನಂಗಲಿಯಲ್ಲಿ ದೇವಸ್ಥಾನಕ್ಕಿಂತ ಅಂಥವೇ ಹೆಚ್ಚು. ಅಷ್ಟು ಹೊತ್ತೂ ಅಲ್ಲಿ ನೀರು ಬೀಳುವ ಸದ್ದು ನಮ್ಮ ಕಿವಿಗೆ ಬೀಳುತ್ತಲೇ ಇತ್ತು. ಯಜಮಾನರ ಒಂದು ತೋಳು ನಾನು ಹಿಡಿದೆ. ಇನ್ನೊಂದನ್ನು ಹಿಡಿಯಲು ನಮ್ಮವರು ದೇವರನ್ನು ಮುಟ್ಟಬಹುದೋ ಬಾರದೋ ಎಂದು ಯೋಚಿಸುತ್ತಿದ್ದಾಗ ಬೀಗರು ಓಡಿ ಬಂದು ಹಿಡಿದರು. ಎಟಿಎಂ ಒಳಗಿದ್ದ ಮದುಮಗನೂ ಗಾಜಿನಿಂದ ನೋಡಿ ಓಡಿ ಬಂದ. ಏಸಿಯಲ್ಲಿದ್ದು ತ್ರಾಣ ಉಳಿಸಿಕೊಂಡವನು ಅವನೊಬ್ಬನೇ, ದೊಡ್ಡಪ್ಪನನ್ನು ಅನಾಮತ್ತು ಎತ್ತಿಕೊಂಡ.

ಲಾರಿ ತೊಳೆಯುವವನು ಬನಿಯನ್ನಿನಲ್ಲಿ ನಿಂತು ಒಂದು ಟೊಮೇಟೊ ಲಾರಿಯ ಚಕ್ರಕ್ಕೆ ನೀರು ಬಿಡುತ್ತಿದ್ದ. "ಅರೆ, ಅರೆ, ಲಾರಿ ಐತಲ್ಲಮ್ಮಾ, ಆಮೇಲ್ ಬನ್ನಿ" ಎಂದವನು ಯಜಮಾನರ ಮುಖ ನೋಡಿ, "ಯಾ ಅಲ್ಲಾ" ಎಂದು ಪೈಪು ನಮ್ಮ ಕಡೆ ತಿರುಗಿಸಿದ. ಹೊರಗೆ ಬಿದ್ದಿದ್ದ ಪೈಪಿನ ನೀರು ಮೊದಲು ಸುಡುಸುಡು ಬಂತು. ಅದನ್ನು ನೆಲಕ್ಕೆ ಬಿಟ್ಟು, ಬೋರ್‌ವೆಲ್ಲಿನ ತಣ್ಣೀರು ಬಂದ ಮೇಲೆ ತಲೆಗೆ, ಕತ್ತಿಗೆ, ಕಂಕುಳಿಗೆ ಬಿಟ್ಟೆವು. ಗ್ರೀಸು ಮೆತ್ತಿದ ಕಲ್ಲು ಚಪ್ಪಡಿಯ ಮೇಲೆ, ರೇಷ್ಮೆ ಜುಬ್ಬದಲ್ಲಿ, ನಮ್ಮ ವಂಶದ ಹಿರಿಯರು ಲಾರಿಯ ಪಕ್ಕ ಲಾರಿಯಂತೆ ತೊಳೆಸಿಕೊಂಡರು. ಮದುಮಗ ತನ್ನ ಕೋಟು ಬಿಚ್ಚಿ ಅದರಲ್ಲೇ ಗಾಳಿ ಬೀಸಿದ.

"ಅತ್ತಿಗೆ, ಜರಿ ಪಂಚೆ ಹಾಳಾಗೋಗುತ್ತೆ" ಎಂದ ಮೈದುನ, ದೂರ ನಿಂತು.

ಅವನಿಗೆ ನಾನು ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಬೀಗರ ಕಾರಿನ ಹಿಂದಿನ ಸೀಟಿನಲ್ಲಿ ಒದ್ದೆಯಾಗಿಯೇ ಮಲಗಿಸಿಕೊಂಡು ಮುಳಬಾಗಿಲಿನ ಕಡೆ ಹೊರಟೆವು. ಏಸಿ ಜೋರು ಮಾಡಿ, ಕಿಟಕಿಗೆ ಒದ್ದೆ ಟವಲು ಕಟ್ಟಿದೆವು. ಊರು ದಾಟುವಾಗ ಒಂದು ಆಟೋ ಎದುರಾಯಿತು. ನಾದಸ್ವರ ಹಿಡಿದ ಒಬ್ಬ, ತಾಳದವನೊಬ್ಬ, ಕಾಲ ಹತ್ತಿರ ಒಂದು ಡೋಲು. ಮುಂದೆ ಕೂತಿದ್ದ ಮೈದುನ ಗಾಜು ಇಳಿಸಿ, "ಈಗ ಬಂದ್ರೇನ್ರೋ ಅಯೋಗ್ಯರಾ!" ಎಂದು ಕೂಗಿ, ಗಾಜು ಏರಿಸಿದ.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕಂಕುಳಿಗೆ ಐಸು ಇಟ್ಟು, ಕೈಗೆ ಡ್ರಿಪ್ಪು ಚುಚ್ಚಿ, ಅಷ್ಟೆಲ್ಲ ಮಾಡಿ ಮುಗಿಸಿದ ಮೇಲೆ ನನ್ನ ಕಡೆ ತಿರುಗಿ, "ನೀರು ಹಾಕಿದ್ದು ಯಾರು?" ಎಂದರು. ಲಾರಿ ತೊಳೆಯುವ ಪೈಪಿನಲ್ಲಿ ಎಂದೆ. ಆಕೆಗೆ ನಗು ಬಂತು, ತಡೆದುಕೊಂಡರು. "ಹಾಗೇ ಕರ್ಕೊಂಡು ಬಂದಿದ್ರೆ ಕಷ್ಟ ಇತ್ತು. ಇಷ್ಟು ಹೊತ್ತು ಬಿಸಿಲಲ್ಲಿ ಯಾಕೆ ನಿಂತಿದ್ರು?"

ಯಾಕೆ ನಿಂತಿದ್ದರು ಎಂದು ಹೇಳಲು ನೋಡಿದೆ. ವಾಲಗ, ರಾಹುಕಾಲ, ಪಾನಕ, ಮರ್ಯಾದೆ ಎಂದು ಒಂದೊಂದಾಗಿ ಹೇಳುತ್ತಾ ಹೋದಂತೆ ನನಗೇ ಅಸಹ್ಯವಾಯಿತು. ಹೊರಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಇಷ್ಟು ವರ್ಷ ಜೊತೆಗಿದ್ದ ಮನುಷ್ಯ ಒಂದು ಡೋಲಿನ ಸದ್ದಿಗೆ ಕಾದು ಸತ್ತನಂತೆ ಎಂದು ಹೇಳಿಕೊಂಡು ನಾನು ಉಳಿದ ದಿನ ಕಳೆಯಬೇಕಾಗಿತ್ತಲ್ಲ ಎಂದು ಭಯವಾಯಿತು, ಸಿಟ್ಟೂ ಬಂತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಜೋರಾಗಿ ಅತ್ತೆ.

ಸಂಜೆಯ ಹೊತ್ತಿಗೆ ಅವರಿಗೆ ಪ್ರಜ್ಞೆ ತಿಳಿಯಾಯಿತು. ಕಣ್ಣು ಬಿಟ್ಟು, ನನ್ನನ್ನು ಗುರುತು ಹಿಡಿದು, ಮೊದಲು ಕೇಳಿದ್ದು, "ಎದುರುಕೋಲು ಆಯ್ತಾ?"

"ಆಯ್ತು. ನಿಮ್ಮ ಮನೆಯೋರೇ ಯಾರೋ ಕಾಲು ತೊಳೆಸ್ಕೊಂಡ್ರಂತೆ" ಎಂದೆ.

ಮುಖ ಸಣ್ಣದಾಯಿತು. ಹೊಟ್ಟೆಕಿಚ್ಚು ಪಡುವಷ್ಟು ಚೇತರಿಸಿಕೊಂಡಿದ್ದಾರೆ ಎಂದು ನನಗೆ ಸಂತೋಷವಾಯಿತು.

ಪಕ್ಕದ ಮಂಚದಲ್ಲಿ ಇನ್ನೊಬ್ಬ ಮಲಗಿದ್ದ. ಒಣಗಿದ ಮೈ, ನರೆತ ಗಡ್ಡ, ಅಂಗಾಲಿನಲ್ಲಿ ಬೊಬ್ಬೆ. ಅವನಿಗೂ ಅದೇ ಡ್ರಿಪ್ಪು, ಅದೇ ಐಸು. ನೆಲದ ಮೇಲೆ ಕೂತಿದ್ದ ಅವನ ಹೆಂಡತಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಏನ್ ತಾಯಿ, ಏನಾಯಿತು ಎಂದು ಕೇಳಿದೆ.

"ಡೋಲು ಬಾರಿಸ್ತಾನಮ್ಮಾ. ಬೆಳಿಗ್ಗೆ ಯಲ್ದೂರ್‌ನಾಗೆ ಮದುವೆ ಮೆರವಣಿಗೆ. ಕುದುರೆ ಮೇಲಿರೋರಿಗೆ ಛತ್ರಿ ಇತ್ತು. ಇವ್ರು ಮುಂದೆ ಮುಂದೆ ನಡೀಬೇಕು, ಬರೀ ಕಾಲು. ನಿಲ್ಲಿಸಬ್ಯಾಡ್ರೋ, ಬಾರಿಸ್ರೋ ಅಂತಾನೇ ಇದ್ರಂತೆ. ಎರಡು ಕೈಯಾಗೂ ಕೋಲು, ನೀರು ಎಲ್ಲಿಂದ ಕುಡೀತಾನೆ? ಅಲ್ಲಿ ಮುಗಿಸಿ ನಂಗಲಿಗೆ ಹೊರಟೋರು ಇಲ್ಲಿ ಹತ್ರಕ್ಕೆ ಬರೋ ಹೊತ್ಗೆ ಆಟೋದಾಗೇ ಒರಗ್ಬಿಟ್ಟ. ಜೊತೆಯೋರು ಇಲ್ಲಿಗೆ ತಂದು ಹಾಕಿ, ನಾನು ಬರೋಗಂಟ ಕಾದಿದ್ದು ಹೋದ್ರು."

ಯಜಮಾನರು ಮೇಲಿನ ಫ್ಯಾನನ್ನು ನೋಡುತ್ತಿದ್ದರು, ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ನಮ್ಮನ್ನು ಬಿಟ್ಟು ಛತ್ರಕ್ಕೆ ಹೋಗಿದ್ದ ಬೀಗರು, ಮೈದುನ ಇಬ್ಬರೂ ಸ್ವಲ್ಪ ಹೊತ್ತಿಗೆ ವಾಪಸು ಬಂದರು. ಬೀಗರ ಕೈಯಲ್ಲಿ ಬೆಳ್ಳಿ ಚೊಂಬು, ಅದರ ತುಂಬ ಪಾನಕ. ಮಂಚದ ಹತ್ತಿರ ಬಂದು ಬಗ್ಗಿ, ಯಜಮಾನರ ಪಾದ ಮುಟ್ಟಿ, "ಕ್ಷಮಿಸ್ಬೇಕು ಸಾರ್. ಆ ವಾಲಗದೋರಿಂದ ಇಷ್ಟೆಲ್ಲಾ ಆಗೋಯ್ತು" ಎಂದರು. ಅವರ ಕಣ್ಣು ತುಂಬಿತ್ತು.

"ವಾಲಗದೋರು ಇಲ್ಲೇ ಇದ್ದಾರೆ, ನೋಡಿ" ಎಂದು ನಾನು ಪಕ್ಕದ ಮಂಚ ತೋರಿಸಿದೆ. ನಡೆದದ್ದನ್ನು ಹೇಳಿದೆ. ಈಗಲಾದರೂ ಮೂವರಿಗೂ ತಲೆ ತಗ್ಗಿಸುವ ಹಾಗಾಗುತ್ತದೆ ಎಂದುಕೊಂಡೆ.

ಯಜಮಾನರು ನಿಧಾನವಾಗಿ ಕತ್ತು ಹೊರಳಿಸಿ ಅವನನ್ನು ನೋಡಿದರು. "ಓಹೋ, ಲೇಟ್ ಮಾಡಿದ್ದು ಇವನೇನಾ?" ಎಂದರು.

ಆತ ದಡಬಡಿಸಿ ಎದ್ದು ಕೂರಲು ನೋಡಿದ, ಆಗಲಿಲ್ಲ. ಸೂಜಿ ಚುಚ್ಚಿದ್ದ ಕೈಯನ್ನು ಇನ್ನೊಂದು ಕೈಗೆ ಸೇರಿಸಿ ಮುಗಿದ. ಡ್ರಿಪ್ಪಿನ ಪೈಪು ಮುಖದ ಮುಂದೆ ನೇತಾಡಿತು. "ತಪ್ಪಾಯ್ತು ಸಾಮಿ. ಕಣ್ ಕತ್ಲೆ ಬಂದ್ಬುಡ್ತು. ಬೇಕಂತ ಮಾಡ್ಲಿಲ್ಲ ಸಾಮಿ."

"ಹುಷಾರಾಗಿರ್ಬೇಕಪ್ಪಾ" ಎಂದ ಮೈದುನ. "ಬಿಸಿಲಲ್ಲಿ ಓಡಾಡೋರು ನೀರು ಗೀರು ಕುಡೀತಾ ಇರ್ಬೇಕು."

"ಹೋಗ್ಲಿ ಬಿಡಿ ಸಾರ್, ಪಾಪ. ಈ ಸಲಕ್ಕೆ ಕ್ಷಮಿಸಿಬಿಡಿ" ಎಂದರು ಬೀಗರು.

ಯಜಮಾನರು ಡ್ರಿಪ್ಪು ಇಲ್ಲದ ಕೈಯನ್ನು ಸ್ವಲ್ಪ ಮೇಲೆತ್ತಿ, "ಹೂಂ, ಹೋಗ್ಲಿ" ಎಂದರು. ಬೀಗರು ಪಾನಕವನ್ನು ಲೋಟಕ್ಕೆ ಬಗ್ಗಿಸಿ ಅವರ ತುಟಿಗೆ ಹಿಡಿದರು. ಡೋಲಿನವನು ನೆಮ್ಮದಿಯಿಂದ ತಲೆದಿಂಬಿಗೆ ಒರಗಿಕೊಂಡ. ಅವನ ಹೆಂಡತಿ ಎದ್ದು ನಿಂತು ಮೂವರು ಗಂಡಸರಿಗೂ ಬೇರೆ ಬೇರೆಯಾಗಿ ಕೈಮುಗಿದಳು. ಆಮೇಲೆ ನನ್ನ ಕಡೆ ತಿರುಗಿ, ಮುಗಿದ ಕೈ ಹಾಗೇ ಇಟ್ಟುಕೊಂಡು, ನಾನೂ ಕ್ಷಮಿಸಲಿ ಎಂದು ಕಾಯುತ್ತಾ ನಿಂತಳು.